ನಾಲ್ಕನೇ ಹಾಡಿನಲ್ಲಿ ಚೆಂಡೆ ಜಾಸ್ತಿ ಅಂತ ನನಗೊಬ್ಬನಿಗೇ ಅನಿಸುವುದಾ?

ಬದಿಯಡ್ಕ ಝೆರಾಕ್ಸ್:

ಒಂದು ಪಂಚಾಯ್ತಿಕೆ ಉಂಟು. ಗೊತ್ತಿದ್ದವರು ಹೇಳಿ.

ನಾವು ನಾಲ್ಕು ಜನ. ನಾನು ಬದಿಯಡ್ಕ ಪೇಟೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟವ. ಒಬ್ಬ ಅಡಿಕೆ ವ್ಯಾಪಾರದವ, ಒಬ್ಬ ಬಸ್ ಕಂಡಕ್ಟರ್, ಇನ್ನೊಬ್ಬ ಟ್ಯೂಷನ್ ಸೆಂಟರಿನಲ್ಲಿ ಲೆಕ್ಕದ ಮೇಷ್ಟ್ರು. ಶನಿವಾರ ರಾತ್ರಿ ಎಂಟಕ್ಕೆ ಶಟರ್ ಅರ್ಧ ಎಳೆದು ಅಂಗಡಿಯೊಳಗೆ ಕೂರುತ್ತೇವೆ. ವಾರಕ್ಕೊಂದು ಆಲ್ಬಂ ಕೇಳುವುದು. ಸಿನಿಮಾದ್ದಲ್ಲ, ಹುಡುಗರು ಸ್ವಂತ ಕೈಯಿಂದ ಹಾಕಿ ಮಾಡಿದ್ದು. ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಯಾರೂ ಮಾತಾಡುವ ಹಾಗಿಲ್ಲ, ಫೋನ್ ಮುಟ್ಟುವ ಹಾಗಿಲ್ಲ. ಮುಗಿದ ಮೇಲೆ ಎಷ್ಟು ಬೇಕಾದರೂ ಬೈಯಬಹುದು. ಗೋಳಿಬಜೆ ಕಂಡಕ್ಟರನ ಲೆಕ್ಕ.

ಈ ಚಟ ಹಿಡಿದದ್ದು 2008ರಲ್ಲಿ. ಆಗ ನಾವು ಕಾಲೇಜಿನಲ್ಲಿದ್ದೆವು. ಆ ವರ್ಷ ರಘು ದೀಕ್ಷಿತರ ಮೊದಲ ಆಲ್ಬಂ ಬಂತು, ಕೇರಳದ ಅವಿಯಲ್ ಬ್ಯಾಂಡಿನ ಮೊದಲ ಆಲ್ಬಮ್ಮೂ ಬಂತು. ಕಾಸರಗೋಡಿನವರಿಗೆ ಇದರಲ್ಲಿ ಒಂದು ಲಾಭ ಉಂಟು. ಬೆಂಗಳೂರಿನವರಿಗೆ ಒಂದೇ ಸಿಕ್ಕಿತು, ತಿರುವನಂತಪುರದವರಿಗೂ ಒಂದೇ. ನಮಗೆ ಎರಡೂ ನಮ್ಮದೇ.

ಅಡಿಕೆಯವನು ಆಲ್ಬಮ್ಮಿಗೆ ನಕ್ಷತ್ರ ಕೊಡುವುದಿಲ್ಲ. ಅಡಿಕೆಯ ದರ್ಜೆಯ ಹೆಸರೇ ಅವನ ಮಾರ್ಕು: ಒಳ್ಳೆಯದಾದರೆ 'ಡಬಲ್ ಚೋಲ್' ಅನ್ನುತ್ತಾನೆ, ನಡುವಿನದ್ದಕ್ಕೆ 'ಪಟೋರ', ಹಾಳಾದ್ದಕ್ಕೆ 'ಕರಿಗೋಟು'. ರ‍್ಯಾಪರ್ ಹನುಮಾನ್‌ಕೈಂಡ್‌ನ 'ಮಾನ್ಸೂನ್ ಸೀಸನ್' 2025ರ ಜುಲೈಯಲ್ಲಿ ಬಂದಾಗ ಇವನು ಪಟೋರ ಅಂದ, ಮೇಷ್ಟ್ರು ಡಬಲ್ ಚೋಲ್ ಅಂದ, ಕಂಡಕ್ಟರ್ "ಅವನ ಹಿಂದೆ ದೊಡ್ಡ ಲೇಬಲ್ ಉಂಟು, ನಮ್ಮ ಪಟ್ಟಿಗೇ ಬರುವುದಿಲ್ಲ" ಅಂತ ಎದ್ದು ನಿಂತ. ಹನ್ನೊಂದು ಗಂಟೆಯವರೆಗೆ ಅದೇ ಗಲಾಟೆ. ಅಂಥದ್ದು ನಮಗೆ ಮಾಮೂಲು.

ಈ ಸಲದ್ದು ಹಾಗಲ್ಲ. ಆಲ್ಬಂ ನಮ್ಮ ಊರಿನ ಮೂವರು ಹುಡುಗರದ್ದು. ಹೆಸರು ಬರೆಯುವುದಿಲ್ಲ, ಓದಿದವರಿಗೆ ಸುಲಭದಲ್ಲಿ ಗೊತ್ತಾಗುತ್ತದೆ. ಆರು ಹಾಡು, 27 ನಿಮಿಷ. ನಾಲ್ಕು ಕನ್ನಡ, ಒಂದು ತುಳು, ಇನ್ನೊಂದರಲ್ಲಿ ಕನ್ನಡ ಮಲಯಾಳ ಎರಡೂ ಕಲಸಿದೆ. ರೆಕಾರ್ಡ್ ಮಾಡಿದ್ದು ಅಡಿಕೆ ಗೋಡೌನಿನಲ್ಲಿ, ಗೋಡೆಗೆ ಗೋಣಿಚೀಲ ತೂಗಿಸಿ. ಪೆನ್‌ಡ್ರೈವಿನಲ್ಲಿ ಹಾಕಿ, ಅಡಿಕೆ ಹಾಳೆಯ ಪುಟ್ಟ ಚೀಲದಲ್ಲಿಟ್ಟು 250 ರೂಪಾಯಿಗೆ ಮಾರುತ್ತಿದ್ದಾರೆ. ಹಾಳೆಯ ಅಂಚನ್ನು ಕೈಯಲ್ಲೇ ಹೊಲಿದದ್ದು. ನನ್ನದರಲ್ಲಿ ಒಂದು ಹೊಲಿಗೆ ತಪ್ಪಿದೆ, ಅದೇ ನನಗೆ ಜಾಸ್ತಿ ಇಷ್ಟ.

ಕಳೆದ ಶನಿವಾರ ಕೇಳಿದೆವು. ಅಡಿಕೆಯವ ಡಬಲ್ ಚೋಲ್ ಅಂದ. ಕಂಡಕ್ಟರನ ಕಣ್ಣಲ್ಲಿ ನೀರು. ಮೇಷ್ಟ್ರು "ಅವಿಯಲ್ ಆದ ಮೇಲೆ ಇದೆಲ್ಲ ಹೊಸತೇನಲ್ಲ, ಆದರೂ ಪರವಾಗಿಲ್ಲ" ಅಂದ. ನನಗೆ ಮಾತ್ರ ಹಿಡಿಸಲಿಲ್ಲ. ಹಾಡುವವನ ದನಿ ಎಲ್ಲೋ ಬಾವಿಯ ಒಳಗೆ, ಮೇಲೆ ಬರೀ ಚೆಂಡೆ. ಮೊದಲ ಹಾಡು ಶುರುವಾಗುವುದೇ ಐವತ್ತು ಸೆಕೆಂಡಿನ ಚೆಂಡೆಯಿಂದ, ಅದು ಚಂದ ಉಂಟು. ಆದರೆ ನಾಲ್ಕನೇ ಹಾಡು ಅಜ್ಜಿ ಸತ್ತ ಮನೆಯ ಬಗ್ಗೆ. ಅಲ್ಲಿಯೂ ಡರ್ರ್ ಅಂತ ಚೆಂಡೆ!

ಹೈಸ್ಕೂಲಿನಲ್ಲಿರುವಾಗ ಎರಡು ವರ್ಷ ನಾನೂ ಯಕ್ಷಗಾನದ ಚೆಂಡೆ ಕಲಿತವ. ಕಲಿಸಿದವರು ಕೈಗಿಂತ ಜಾಸ್ತಿ ಸುಮ್ಮನಿರುವುದನ್ನೇ ಕಲಿಸಿದರು. ಯುದ್ಧ ಬಂದಾಗ ಬಾರಿಸು, ರಾಕ್ಷಸ ಬಂದಾಗ ಬಾರಿಸು. ಭಾಗವತರು ಕರುಣದ ಪದ ಎತ್ತಿಕೊಂಡರೆ ಕೋಲು ಕೆಳಗಿಟ್ಟು ನಿಲ್ಲು, ಮದ್ದಳೆಯವ ನೋಡಿಕೊಳ್ಳುತ್ತಾನೆ. ಆಟ ನೋಡಿದವರಿಗೆಲ್ಲ ಗೊತ್ತಿರುವ ವಿಷಯ ಇದು.

ಮೇಷ್ಟ್ರಿನ ವಾದ ಬೇರೆ. "ಹನುಮಾನ್‌ಕೈಂಡ್‌ನ 'ರನ್ ಇಟ್ ಅಪ್'ನಲ್ಲಿ ಚೆಂಡೆ ಇಲ್ಲವಾ? ಅಮೆರಿಕದ ಕೋಚೆಲ್ಲಾ ವೇದಿಕೆಗೇ ಚೆಂಡೆಯವರನ್ನು ಕರೆದುಕೊಂಡು ಹೋದ. ನಿನಗೆ ಯಕ್ಷಗಾನದ ರೋಗ."

ಹೌದಾ? ನನ್ನ ಕಿವಿ ಕೆಟ್ಟದ್ದಾ, ಉಳಿದ ಮೂವರು ಊರಿನ ಹುಡುಗರು ಅಂತ ಮುಲಾಜು ಮಾಡುವುದಾ? ಇನ್ನೊಂದು ಪ್ರಶ್ನೆ: ಆ ಮೂವರಲ್ಲಿ ಒಬ್ಬ ವಾರಕ್ಕೊಮ್ಮೆಯಾದರೂ ನನ್ನ ಅಂಗಡಿಗೆ ಬರುತ್ತಾನೆ. "ಹೇಗುಂಟು ಅಣ್ಣ?" ಅಂತ ಕೇಳಿದರೆ ಎಂತ ಹೇಳುವುದು?

ಮುಳ್ಳೇರಿಯ ಸೌಂಡ್ಸ್:

ಅದೆಲ್ಲ ಇರಲಿ ಮಾರಾಯ, ನೀನು ಕೇಳಿದ್ದು ಯಾವುದರಲ್ಲಿ? ಅದನ್ನೇ ಬರೆಯಲಿಲ್ಲ.

ಬದಿಯಡ್ಕ ಝೆರಾಕ್ಸ್:

ಅಂಗಡಿಯಲ್ಲಿರುವ ಬ್ಲೂಟೂತ್ ಡಬ್ಬಿಯಲ್ಲಿ. ತೆಂಗಿನಕಾಯಿಯಷ್ಟು ದೊಡ್ಡದು. ಲ್ಯಾಮಿನೇಷನ್ ಮೆಷಿನ್ ಮೇಲೆ ಇಟ್ಟಿದ್ದೇನೆ.

ಮುಳ್ಳೇರಿಯ ಸೌಂಡ್ಸ್:

ಅಷ್ಟೇ. ಅರ್ಧ ಜಗಳ ಅಲ್ಲೇ ಮುಗಿಯಿತು.

ನನಗೆ ಮದುವೆ, ಆಟ, ಅಯ್ಯಪ್ಪ ಭಜನೆ ಎಲ್ಲದಕ್ಕೂ ಬಾಕ್ಸ್ ಕೊಂಡುಹೋಗಿ ಹತ್ತೊಂಬತ್ತು ವರ್ಷ ಆಯಿತು. ನಾನೂ ಆ ಪೆನ್‌ಡ್ರೈವ್ ತೆಗೆದುಕೊಂಡಿದ್ದೇನೆ. ಈಗ ಕೇಳು. ಹಾಡು ಎಡಕ್ಕೊಂದು ಬಲಕ್ಕೊಂದು ಅಂತ ಎರಡು ದಾರಿಯಲ್ಲಿ ಬರುತ್ತದೆ. ನಿನ್ನ ಡಬ್ಬಿ ಎರಡನ್ನೂ ಕೂಡಿಸಿ ಒಂದು ಮಾಡುತ್ತದೆ. ದನಿ ಅಗಲ ಕೇಳಬೇಕು ಅಂತ ಹುಡುಗರು ಒಂದು ಬದಿಯ ಅಲೆಯನ್ನು ತಲೆಕೆಳಗು ಮಾಡುವಂಥ ಎಫೆಕ್ಟ್ ಹಾಕಿದ್ದಾರೆ. ಎರಡು ಕಿವಿಯಲ್ಲಿ ಕೇಳಿದರೆ ದನಿ ಸುತ್ತ ತುಂಬಿಕೊಂಡ ಹಾಗೆ. ಕೂಡಿಸಿದರೆ ಪ್ಲಸ್ಸಿಗೆ ಮೈನಸ್ಸು ಸೇರಿ ದನಿ ಕರಗಿಹೋಗುತ್ತದೆ. ಚೆಂಡೆ ಸರೀ ನಡುವಿನಲ್ಲಿ ಇರುವುದರಿಂದ ಅದಕ್ಕೆ ಎಂತದೂ ಆಗುವುದಿಲ್ಲ. ನಿನಗೆ ಕೇಳಿದ ಬಾವಿ ಇದೇ. ಎರಡು ಮತ್ತು ಐದನೇ ಹಾಡಿನಲ್ಲಿ ಇದು ಜಾಸ್ತಿ ಉಂಟು. ಇಯರ್‌ಫೋನ್ ಹಾಕಿ ಕೇಳಿ ನೋಡು.

ಆದರೆ ನಾಲ್ಕನೆಯದಕ್ಕೆ ನೀನು ಹೇಳಿದ್ದು ಸರಿ. ಚೆಂಡೆಯ ಏಟಿನ ಚುರುಕು ಇರುವುದು 2ರಿಂದ 5 ಕಿಲೋಹರ್ಟ್ಸ್ ಆಸುಪಾಸಿನಲ್ಲಿ. ನಮ್ಮ ಕಿವಿ ಬಹಳ ಸೂಕ್ಷ್ಮ ಇರುವುದೂ ಅಲ್ಲಿಯೇ. ಹಾಡುವವನ ಕ, ಚ, ತ, ಸ ಸ್ಪಷ್ಟ ಆಗುವುದೂ ಅಲ್ಲಿಯೇ. ಒಂದೇ ಬಾಗಿಲಲ್ಲಿ ಇಬ್ಬರು ನುಗ್ಗಿದರೆ ದಪ್ಪದವ ಮೊದಲು ಒಳಗೆ ಹೋಗುತ್ತಾನೆ. ಆಟದಲ್ಲಿ ಭಾಗವತರು ಶ್ರುತಿ ಏರಿಸಿ ಎತ್ತರದ ದನಿಯಲ್ಲಿ ಹಾಡುತ್ತಾರೆ, ಹಾಗಾಗಿ ಚೆಂಡೆ ಇದ್ದರೂ ದಾಟಿ ಬರುತ್ತದೆ. ಈ ಹುಡುಗ ಹಾಡುವುದು ಗುಟ್ಟು ಹೇಳುವ ಹಾಗೆ. ಅದಕ್ಕೆ ಪೂರ್ತಿ ಚೆಂಡೆ ಹಾಕಿದರೆ ಪಾಪ ಅವನು ಎಲ್ಲಿಗೆ ಹೋಗಬೇಕು?

ಮೇಷ್ಟ್ರಿಗೆ ಹೇಳು: ರ‍್ಯಾಪ್‌ನಲ್ಲಿ ದನಿಯೂ ಒಂದು ತಾಳವಾದ್ಯವೇ. ಎಳೆದು ಹಾಡುವ ಸ್ವರ ಅಲ್ಲಿಲ್ಲ. ಚೆಂಡೆಯ ಸಂದಿನಲ್ಲಿ ಮಾತು ಕುಟ್ಟಿ ಕೂರಿಸಬಹುದು. ಅಜ್ಜಿಯ ಹಾಡಿಗೆ ಅದೇ ಲೆಕ್ಕ ಹಾಕಿದರೆ ಆಗುವುದಿಲ್ಲ.

ಇನ್ನೊಂದು. ಆರೂ ಹಾಡುಗಳನ್ನು ಲೌಡ್ ಮಾಡಿ ಮಾಡಿ ಚಪ್ಪಟೆ ಮಾಡಿದ್ದಾರೆ. ಯಾಕೆ ಅಂತ ಅರ್ಥ ಆಗಲಿಲ್ಲ. ಸ್ಪಾಟಿಫೈಗೆ ಹಾಕಿದರೆ ಅದು ಹೇಗೂ ಎಲ್ಲವನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಶಬ್ದದ ಜೋರು ಅಳೆಯುವ ಲೆಕ್ಕ) ಮಟ್ಟಕ್ಕೆ ಇಳಿಸುತ್ತದೆ. ಬೊಬ್ಬೆ ಹೊಡೆದದ್ದು ದಂಡ.

ಪೆರ್ಲದ ಟೀಚರ್:

ನಿವೃತ್ತ ಕನ್ನಡ ಅಧ್ಯಾಪಿಕೆ. ಮೊಮ್ಮಗಳು ಈ ಆಲ್ಬಂ ಕೇಳಿಸಿದಳು. ಚೆಂಡೆ, ಕಿಲೋಹರ್ಟ್ಸ್ ನನಗೆ ತಿಳಿಯದು. ನನ್ನ ತಕರಾರು ಭಾಷೆಯದ್ದು.

ಈ ಮಕ್ಕಳು ಒಂದನೇ ಹಾಡಿನಲ್ಲಿ "ಏನ್ ಗುರು", "ಸಖತ್ತಾಗೈತೆ" ಅಂತ ಹಾಡುತ್ತಾರೆ. ಯಾಕಪ್ಪ? ಮನೆಯಲ್ಲಿ "ಎಂತ ಮಾರಾಯ", "ಲಾಯಿಕುಂಟು" ಅನ್ನುವ ಮಕ್ಕಳಲ್ಲವಾ? ಇಲ್ಲಿ ಕನ್ನಡ ಶಾಲೆಯ ಬೆಂಚಿನಲ್ಲಿ ನಾಲ್ಕು ಮಕ್ಕಳನ್ನು ಉಳಿಸಿಕೊಳ್ಳಲು ನಾವು ಪಟ್ಟ ಪಾಡು ನಮಗೆ ಗೊತ್ತು. ಹಾಗೆ ಉಳಿದ ಕನ್ನಡದಲ್ಲಿ ಹಾಡುವಾಗ ಬಾಡಿಗೆ ಅಂಗಿ ಹಾಕಿಕೊಳ್ಳುವುದು ಯಾಕೆ?

ಐದನೇ ಹಾಡು ಕೇಳಿ. "ಬಾಗಿಲಲ್ಲಿ ಉಂಟು ನಿನ್ನ ಚಪ್ಪಲಿ" ಅಂತ ಒಂದು ಸಾಲು ಬರುತ್ತದೆ. 'ಇದೆ' ಅಂದಿದ್ದರೆ ನಾನು ಸುಮ್ಮನೆ ದಾಟಿ ಹೋಗುತ್ತಿದ್ದೆ. 'ಉಂಟು' ಅಂದದ್ದಕ್ಕೆ ನಿಂತೆ. ಆ ಮನೆ ಎಲ್ಲಿಯದು, ಆ ಚಪ್ಪಲಿ ಯಾವ ಜಗಲಿಯ ಕೆಳಗೆ ಅಂತ ನನಗೆ ಕಂಡಿತು. ಇಡೀ ಆಲ್ಬಂ ಹೀಗೆ ಇದ್ದಿದ್ದರೆ ನಾನೇ ಹತ್ತು ಹಾಳೆ ಚೀಲ ಕೊಳ್ಳುತ್ತಿದ್ದೆ. ಈಗ ಎರಡು ಕೊಂಡಿದ್ದೇನೆ.

ಒಂದು ತಪ್ಪೊಪ್ಪಿಗೆಯೂ ಉಂಟು. ಶರೀಫರ ತತ್ವಪದ ಅಂದರೆ ಸಿ. ಅಶ್ವತ್ಥರು ಹಾಡಿದ್ದೇ ಅಂತ ನಂಬಿದವಳು ನಾನು. ರಘು ದೀಕ್ಷಿತರು ಗಿಟಾರ್ ಹಿಡಿದು "ಸೋರುತಿಹುದು ಮನೆಯ ಮಾಳಿಗಿ" ಹಾಡಿದಾಗ ಸ್ಟಾಫ್ ರೂಮಿನಲ್ಲಿ ಸಿಕ್ಕಾಪಟ್ಟೆ ಬೈದಿದ್ದೆ. ಈಗ ಮಳೆಗಾಲದಲ್ಲಿ ಹಂಚು ಸೋರುವಾಗ ನನ್ನ ಬಾಯಿಗೆ ಬರುವುದು ಅವರ ಧಾಟಿ. ಹಾಗಾಗಿ ನನ್ನ ಮಾತನ್ನು ಅಷ್ಟಕ್ಕೇ ಇಟ್ಟುಕೊಳ್ಳಿ.

ಕಂಕನಾಡಿ ಬೇಸ್:

ಟೀಚರ್, ನಮಸ್ಕಾರ. ನೀವು ಹೇಳಿದ್ದು ಚಂದ ಉಂಟು, ಆದರೆ ಒಪ್ಪುವುದಿಲ್ಲ. ನಾನು ಮಂಗಳೂರಿನಲ್ಲಿ ಒಂದು ಬ್ಯಾಂಡಿಗೆ ಬೇಸ್ ಗಿಟಾರ್ ನುಡಿಸುತ್ತೇನೆ, ಹಾಡುಗಳನ್ನು ಆ್ಯಪ್‌ಗಳಿಗೆ ಹಾಕುವ ಕೆಲಸವೂ ನನ್ನದೇ. ಕೇಳುವವರು ಜಾಸ್ತಿ ಬೆಂಗಳೂರಿನಲ್ಲಿದ್ದಾರೆ. 'ಗುರು' ಅಂದರೆ ಅವರು ನಿಲ್ಲುತ್ತಾರೆ.

ನಿಲ್ಲುವುದು ಯಾಕೆ ಮುಖ್ಯ ಅಂದರೆ, ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಲೆಕ್ಕ. 2024ರಿಂದ ಇನ್ನೊಂದು ನಿಯಮ ಬಂದಿದೆ: ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ಹಾಡಿಗೆ ಕನಿಷ್ಠ 1000 ಲೆಕ್ಕ ಆಗದಿದ್ದರೆ ಆ ಹಾಡಿಗೆ ಪೈಸೆ ಇಲ್ಲ. 900 ಸಲ ಕೇಳಿದರೂ ಸೊನ್ನೆ. ಈಗ ಹೇಳಿ, ಐವತ್ತು ಸೆಕೆಂಡ್ ಬರೀ ಚೆಂಡೆ ಇಟ್ಟರೆ ಯಾರು ಕಾಯುತ್ತಾರೆ? ಝೆರಾಕ್ಸ್ ಅಣ್ಣನಿಗೆ ಇಷ್ಟವಾದ ಅದೇ ತುಂಡನ್ನು ನಾನಾಗಿದ್ದರೆ ಮೊದಲು ಕತ್ತರಿಸುತ್ತಿದ್ದೆ. ನನಗೆ ನಾಲ್ಕನೆಯದೇ ಬೆಸ್ಟ್. ಸತ್ತ ಮನೆ ಅಂದರೆ ಮೌನ ಅಂತ ಯಾರು ಹೇಳಿದ್ದು? ನನ್ನ ಅಜ್ಜಿ ಹೋದ ದಿನ ನಮ್ಮ ಮನೆಯಲ್ಲಿ ಪಾತ್ರೆ, ಜನ, ಜೀಪು, ಚಪ್ಪರದ ಕಂಬ ಹುಗಿಯುವ ಹಾರೆ, ಶಬ್ದವೋ ಶಬ್ದ. ಒಬ್ಬರ ಮಾತೂ ಕೇಳುತ್ತಿರಲಿಲ್ಲ. ಆ ಹಾಡು ಹಾಗೆಯೇ ಉಂಟು.

ಪೆನ್‌ಡ್ರೈವ್ ಮಾತ್ರ ಬುದ್ಧಿವಂತಿಕೆ. ನಾವು ಹಾಡು ಮಾರುವ ವೆಬ್‌ಸೈಟ್ ಬ್ಯಾಂಡ್‌ಕ್ಯಾಂಪಿನಲ್ಲಿ ಇಟ್ಟಿದ್ದೆವು. ಅವರು ಡಿಜಿಟಲ್ ಮಾರಾಟದಲ್ಲಿ 15 ಪರ್ಸೆಂಟ್ ಇಟ್ಟುಕೊಳ್ಳುತ್ತಾರೆ, ಅದು ನ್ಯಾಯವೇ. ಆದರೆ ಹಣ ಬರುವುದು ಪೇಪಾಲ್ ದಾರಿಯಲ್ಲಿ, ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದ ಒಳಗಿನ ವ್ಯವಹಾರ ನಿಲ್ಲಿಸಿತು. ಉಡುಪಿಯವನಿಗೆ ಮಂಗಳೂರಿನ ಹಾಡು ಮಾರಲು ಕಷ್ಟ, ಬರ್ಲಿನ್‌ನವನಿಗೆ ಸುಲಭ! ಹಾಳೆ ಚೀಲ, ಜೀಪೇ, 250. ಅಷ್ಟೂ ಅವರ ಕೈಗೆ.

ಶಾರ್ಜಾ ನೈಟ್ ಶಿಫ್ಟ್:

ನೀವೆಲ್ಲ ದೊಡ್ಡ ದೊಡ್ಡದು ಮಾತಾಡ್ತಾ ಇದ್ದೀರಿ. ನಾನು ಉಪ್ಪಳದವ, ಇಲ್ಲಿ ವೇರ್‌ಹೌಸಿನಲ್ಲಿ ರಾತ್ರಿ ಕೆಲಸ. ತಮ್ಮ ಆ ಪೆನ್‌ಡ್ರೈವಿನಿಂದ ಹಾಡುಗಳನ್ನು ವಾಟ್ಸಾಪಿನಲ್ಲಿ ಕಳಿಸಿದ. ಒಂದೇ ಕಿವಿಗೆ ಇಯರ್‌ಬಡ್, ಇನ್ನೊಂದು ಕಿವಿ ಸೂಪರ್‌ವೈಸರಿಗೆ.

ನನಗೆ ಮೂರನೇ ಹಾಡು ಸಾಕು. ಅದರ ಕೊನೆಗೆ ಶೀಟಿನ ಮೇಲೆ ಮಳೆ ಬೀಳುವುದು ಉಂಟಲ್ಲ, ಯಾರೂ ಅದರ ಬಗ್ಗೆ ಬರೆಯಲೇ ಇಲ್ಲ. ಮೊದಲು ನಾಲ್ಕು ಹನಿ. ಆಮೇಲೆ ಒಬ್ಬ ದೂರದಿಂದ "ಅಡಿಕೆ, ಅಡಿಕೆ!" ಅಂತ ಕೂಗುತ್ತಾನೆ. ಅಂಗಳದಲ್ಲಿ ಒಣಗಲು ಹಾಕಿದ್ದು ಇರಬೇಕು. ಓಡುವ ಕಾಲು. ಟಾರ್ಪಾಲು ಎಳೆಯುವ ಸದ್ದು. ಗಿಟಾರ್ ಅರ್ಧದಲ್ಲೇ ನಿಲ್ಲುತ್ತದೆ, ನುಡಿಸುವವನೂ ಓಡಿರಬೇಕು. ಆಮೇಲೆ ಬರೀ ಮಳೆ. ನಾನು ಬಾರ್‌ಕೋಡ್ ಗನ್ ಹಿಡಿದುಕೊಂಡು ಹಾಗೇ ನಿಂತಿದ್ದೆ. ಇಲ್ಲಿ ಮಳೆ ನೋಡಿ ಎಷ್ಟು ಕಾಲ ಆಯಿತೋ.

ಇದು ಬೇಕಂತ ಇಟ್ಟದ್ದಾ, ಆಕಸ್ಮಿಕವಾ? ನನ್ನ ರೂಮಿನ ಪಯ್ಯನ್ನೂರಿನವ ಬೇಕಂತ ಮಾಡಿದ್ದು ಅನ್ನುತ್ತಾನೆ.

ಕಂಕನಾಡಿ ಬೇಸ್:

ಅಣ್ಣ, ಮಳೆ ಇರಲಿ. ವಾಟ್ಸಾಪಿನಲ್ಲಿ ಬಂದದ್ದು ಅಂತ ಎಷ್ಟು ಧೈರ್ಯದಲ್ಲಿ ಬರೀತೀರಿ! 250 ಕೊಡಿ ಮೊದಲು.

ಶಾರ್ಜಾ ನೈಟ್ ಶಿಫ್ಟ್:

ಆಯ್ತು ತಂಗಿ, ಬೈಬೇಡ. ತಮ್ಮನ ಹತ್ತಿರ ಹೇಳಿ ಝೆರಾಕ್ಸ್ ಅಣ್ಣನ ಅಂಗಡಿಗೆ ಕಳಿಸುತ್ತೇನೆ. ಹಾಳೆ ಚೀಲವೂ ಬೇಕು. ಊರಿಗೆ ಬಂದಾಗ ತೆಗೆದುಕೊಳ್ಳುತ್ತೇನೆ, ಇಟ್ಟಿರಿ.

ಬದಿಯಡ್ಕ ಝೆರಾಕ್ಸ್:

ಉಪ್ಪಳದ ಅಣ್ಣ, ನಿಮ್ಮ 250 ಬಂತು. ಚೀಲ ಕಪಾಟಿನಲ್ಲಿ ಉಂಟು, ಮೇಲೆ 'ಶಾರ್ಜಾ' ಅಂತ ಬರೆದಿಟ್ಟಿದ್ದೇನೆ.

ಈಗ ನನ್ನ ಕಥೆ. ಮುಳ್ಳೇರಿಯದವರು ಹೇಳಿದ ಹಾಗೆ ಎರಡು ಕಿವಿಗೂ ಇಯರ್‌ಫೋನ್ ಹಾಕಿ ಕುಂಬಳೆವರೆಗೆ ಬಸ್ಸಿನಲ್ಲಿ ಕೇಳಿದೆ. ಎರಡನೇ ಹಾಡಿನಲ್ಲಿ ದನಿ ಬಾವಿಯಿಂದ ಮೇಲೆ ಬಂತು. ನಾಚಿಕೆ ಆಯಿತು. ಮೂರು ವರ್ಷದಿಂದ ಆ ತೆಂಗಿನಕಾಯಿ ಡಬ್ಬಿಯಲ್ಲಿ ಕೇಳಿ ಕೇಳಿ ಎಷ್ಟು ಜನರಿಗೆ ಕರಿಗೋಟು ಅಂದಿದ್ದೇವೋ. ಲೆಕ್ಕದ ಮೇಷ್ಟ್ರಿಗೆ ಹೇಳಿದರೆ ಒಂದರಿಂದ ಪುನಃ ಶುರು ಮಾಡುವ ಅಂತಾನೆ, ಅಷ್ಟು ಗೋಳಿಬಜೆಗೆ ಕಂಡಕ್ಟರ್ ಒಪ್ಪಬೇಕಲ್ಲ.

ಟೀಚರ್, 'ಉಂಟು' ಸಾಲು ಡಬ್ಬಿಯಲ್ಲಿ ನನಗೆ ಕೇಳಿಯೇ ಇರಲಿಲ್ಲ. ಈಗ ಕೇಳಿತು. ನೀರ್ಚಾಲು ಸ್ಟಾಪಿನಲ್ಲಿ ಇಬ್ಬರು ಇಳಿದರು, ನಾನು ಅವರ ಚಪ್ಪಲಿಯನ್ನೇ ನೋಡುತ್ತಾ ಕೂತಿದ್ದೆ.

ಆದರೆ ನಾಲ್ಕನೆಯದಕ್ಕೆ ನನ್ನ ತೀರ್ಮಾನ ಬದಲಾಗಲಿಲ್ಲ. ಕಂಕನಾಡಿಯವರ ಮಾತು ಓದಿದ ಮೇಲೆ ಪುನಃ ಕೇಳಿದೆ. ಹಾರೆ, ಜೀಪು ಎಲ್ಲ ನೆನಪು ಮಾಡಿಕೊಂಡೇ ಕೇಳಿದೆ. ಮೊದಲ ಚರಣಕ್ಕೆ ಅದು ಸರಿ ಅನಿಸಿತು. ಎರಡನೇ ಚರಣದಲ್ಲಿ ಜನ ಎಲ್ಲ ಹೋಗಿ ಹುಡುಗ ಒಬ್ಬನೇ ಅಜ್ಜಿಯ ಎಲೆಅಡಿಕೆ ತಟ್ಟೆ ತೊಳೆಯುತ್ತಾನೆ. ಅಲ್ಲಿ ಯಾರ ಜೀಪು? ಅಲ್ಲಿ ಕೋಲು ಕೆಳಗಿಡಬೇಕಿತ್ತು.

ಬದಿಯಡ್ಕ ಝೆರಾಕ್ಸ್:

ಇವತ್ತು ಆ ಹುಡುಗ ಬಂದ. ತೆರಿಗೆ ರಶೀದಿ, ಆಧಾರ್, ಎರಡೆರಡು ಪ್ರತಿ. ಕೇಳಿಯೇ ಬಿಟ್ಟ, "ಹೇಗುಂಟು ಅಣ್ಣ?"

ಮೆಷಿನ್ ಬಿಸಿಯಾಗುವವರೆಗೆ ಸುಮ್ಮನಿದ್ದೆ. ಆಮೇಲೆ ಹೇಳಿದೆ. ಮೊದಲು ಮಳೆ, ಮತ್ತೆ 'ಉಂಟು', ಮತ್ತೆ ಎರಡನೇ ಚರಣದ ಚೆಂಡೆ.

ಮಳೆ ಆಕಸ್ಮಿಕವಂತೆ. ಓಡಿದ್ದು ಗಿಟಾರಿನವನಲ್ಲ, ಇವನೇ. ಅಡಿಕೆ ಅರ್ಧ ಒದ್ದೆಯಾಗಿ ಅಪ್ಪನಿಂದ ಬೈಗುಳ ಸಿಕ್ಕಿತಂತೆ, ರೆಕಾರ್ಡಿಂಗ್ ನಿಲ್ಲಿಸಲು ಯಾರಿಗೂ ನೆನಪಾಗಲಿಲ್ಲವಂತೆ.

ಚೆಂಡೆಯ ವಿಷಯಕ್ಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೆ ಹೇಳಿದ, "ಅದು ನಾನೇ ಬಾರಿಸಿದ್ದು ಅಣ್ಣ. ಉಳಿದ ಇಬ್ಬರೂ ಕಡಿಮೆ ಮಾಡುವ ಅಂದರು. ನಾನೇ ಬಿಡಲಿಲ್ಲ."

ಯಾರ ಹತ್ತಿರ ಕಲಿತದ್ದು ಅಂತ ಕೇಳಿದೆ. ನನಗೆ ಕಲಿಸಿದವರೇ.

"ಅವರು ಕೇಳಿದರಾ?" ಅಂದೆ.

"ಪೆನ್‌ಡ್ರೈವ್ ಕೊಟ್ಟಿದ್ದೇನೆ. ಅವರ ಮನೆಯಲ್ಲಿ ಅದನ್ನು ಹಾಕಲು ಎಂತದೂ ಇಲ್ಲ" ಅಂದ. ಪ್ರತಿಗಳನ್ನು ಮಡಚಿ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದವನು ವಾಪಸ್ ಬಂದ. ಆದಿತ್ಯವಾರ ಅವರ ಮನೆಗೆ ಹೋಗುವನಂತೆ, ನೀವೂ ಬನ್ನಿ ಅಂತ ಕರೆದ.

ಮುಳ್ಳೇರಿಯದವರೇ, ಆದಿತ್ಯವಾರಕ್ಕೆ ಎರಡು ಸಣ್ಣ ಬಾಕ್ಸ್ ಸಿಗಬಹುದಾ? ಬಾಡಿಗೆ ಎಷ್ಟು ಅಂತ ಹೇಳಿ.